ಬಿಳಿಮೋರೆಯ ಗಿಣ್ಣು

ಕೊಟ್ಟಿಗೆ ತುಂಬ ಹಸುಗಳಿದ್ದ ಮನೆಯಲ್ಲಿ ಅಂಗಡಿಯಿಂದ ತಂದ ಹಾಲಿನ ಪ್ಲಾಸ್ಟಿಕ್ ಡಬ್ಬ ಕಂಡು ನೀಲಮ್ಮ ಬೆಪ್ಪಾಗಿ ಕೂತಿದ್ದಳು. ನೆರೆಯ ಡೀಲಿಯಾಳ ಮನೆಗೆ ಮಗಳ ಜೊತೆ ಮೊದಲ ಸಲ ಟೀಗೆ ಹೋದಾಗಿನ ಮಾತು ಅದು. ಕಿಟಕಿಯಾಚೆ ಬೇಲಿಯ ಪಕ್ಕದಲ್ಲಿ ಕೆಂದ, ಕಪ್ಪು, ಕೆನೆಬಣ್ಣದವು, ಒಂದರ ಹಾಗೆ ಇನ್ನೊಂದಿಲ್ಲದ ಹಸುಗಳು ಕರುಗಳನ್ನು ಕಟ್ಟಿಕೊಂಡು ಮೇಯುತ್ತಿದ್ದವು. ಇವರು ಫ್ರಿಜ್ ಬಾಗಿಲು ತೆಗೆದು ಅಂಗಡಿ ಹಾಲು ಹುಯ್ಯುತ್ತಿದ್ದಾರೆ. ಈ ಹಸುಗಳು ಹಾಲು ಕೊಡೋದಿಲ್ಲವೇ ಎಂದು ಮಗಳ ಬಾಯಿಂದ ಕೇಳಿಸಿದಳು. ಡೀಲಿಯಾ ನಕ್ಕು, ಅವನ್ನು ಯಾರೂ ಕರೆಯುವುದಿಲ್ಲ, ಹಾಲೆಲ್ಲ ಕರುವಿಗೇ ಅಂದಳು.

ನೀಲಮ್ಮನ ಕಣ್ಣು ತುಂಬಿ ಬಂತು. ವಾಪಸ್ಸು ಬರುವ ದಾರಿಯಲ್ಲಿ ಎಂಥ ಧರ್ಮದ ಜನ, ಒಂದು ತೊಟ್ಟೂ ಮುಟ್ಟದೆ ಕರುವಿಗೆ ಬಿಡುತ್ತಾರಲ್ಲ, ನಾವೂ ಇದ್ದೀವಿ ಎಂದು ಹಾಡಿ ಹೊಗಳಿದಳು. ಮಗಳು ಸಿಂಧುವಿಗೆ ಇನ್ನು ಸುಮ್ಮನಿರಲು ಆಗಲಿಲ್ಲ.

"ಅಮ್ಮ, ಅವು ಹಾಲಿಗೆ ಸಾಕಿರೋ ಹಸುಗಳಲ್ಲ. ಕರು ಚೆನ್ನಾಗಿ ದಪ್ಪ ಆಗ್ಲಿ ಅಂತ ಹಾಲು ಬಿಡ್ತಾರೆ. ಆಮೇಲೆ ಮಾರ್ತಾರೆ. ಮಾಂಸಕ್ಕೆ."

ನೀಲಮ್ಮ ನಿಂತಲ್ಲೇ ನಿಂತಳು. ಒಂದು ಕಾಲು ಕೆಸರಿನಲ್ಲಿದ್ದದ್ದು ಕಾಲುಚೀಲ ನೆನೆದ ಮೇಲೆ ಗೊತ್ತಾಯಿತು. ಮನೆಗೆ ಬಂದವಳೇ ಕೊಟ್ಟಿಗೆ ಕಡೆಗಿದ್ದ ಅಡುಗೆಮನೆ ಕಿಟಕಿಯ ಪರದೆ ಎಳೆದಳು. ಆ ಪರದೆ ಆಮೇಲೆ ಬಹಳ ದಿನ ತೆರೆಯಲೇ ಇಲ್ಲ.

ಆದರೆ ಬೇರೆ ಕಡೆ ಹೋಗೋಣವೆಂದರೆ ಮನೆ ಎಲ್ಲಿ? ಸಿಂಧು ಗಾಲ್ವೇ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಊರೊಳಗೆ ಬಾಡಿಗೆ ಮನೆ ಹುಡುಕಿ ಹುಡುಕಿ ಸಾಕಾಗಿ, ಅಥೆನ್‌ರೈ ಕಡೆಯ ಈ ಹಳ್ಳಿಯಲ್ಲಿ ಡೀಲಿಯಾಳ ತೀರಿಹೋದ ಅಣ್ಣನ ಮನೆ ಹಿಡಿದಿದ್ದಳು. ಅಳಿಯ ನಂದೀಶನ ಕೆಲಸ ಡಬ್ಲಿನ್ನಿನಲ್ಲಿ. ವಾರವೆಲ್ಲ ಅಲ್ಲೇ ಕ್ಯಾಸಲ್‌ನಾಕ್‌ನಲ್ಲಿ ಸ್ನೇಹಿತರ ಜೊತೆ ಇದ್ದು ಶುಕ್ರವಾರ ಸಂಜೆ ಬರುತ್ತಿದ್ದ. ಗಂಡ ಹೋದ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ ಬಂದ ನೀಲಮ್ಮನಿಗೆ ಹಗಲೆಲ್ಲ ಜೊತೆ ಅಂದರೆ ಆ ಮುಚ್ಚಿದ ಪರದೆ ಮತ್ತು ಅದರಾಚೆಯ ಸದ್ದು.

ಆ ಸದ್ದಿನಲ್ಲೂ ಸಿಂಧುವಿನ ಮಾತಿನಲ್ಲೂ ಡೀಲಿಯಾ ಎಂಥವಳು ಎಂದು ತಿಳಿಯುತ್ತಾ ಹೋಯಿತು. ಮದುವೆಯಾದವಳಲ್ಲ. ಊರ ಸ್ಕೂಲಿನಲ್ಲಿ ಅಡುಗೆ ಮಾಡಿಕೊಂಡಿದ್ದು, ಅಣ್ಣ ಕಾಯಿಲೆ ಬಿದ್ದ ಮೇಲೆ ಅವನನ್ನೂ ಅವನ ದನಗಳನ್ನೂ ನೋಡಿಕೊಳ್ಳಲು ಬಂದವಳು. ಅಣ್ಣ ಹೋದ, ದನ ಉಳಿದವು. ಒಂದು ಭುಜ ಸರಿಯಾಗಿ ಏಳುತ್ತಿರಲಿಲ್ಲ. ಹಳೆಯ ಕೋಟಿಗೆ ಗುಂಡಿ ಹೋಗಿ ಹುಲ್ಲಿನ ಹೊರೆ ಕಟ್ಟುವ ನೀಲಿ ದಾರವನ್ನೇ ನಡುವಿಗೆ ಬಿಗಿದುಕೊಳ್ಳುತ್ತಿದ್ದಳು. ಬೆಳಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ರೇಡಿಯೋ ಹಾಕುವಳು, ಆಮೇಲೆ ಒಂದೊಂದು ಹಸುವನ್ನೂ ಮಾತಾಡಿಸುವಳು, ಬೈಯುವಳು. ಸುತ್ತಮುತ್ತ ಯಾರೇ ಸತ್ತರೂ ಕೋಟು ಬದಲಾಯಿಸಿ ಹೋಗಿಬರುವಳು. ನೀಲಮ್ಮನನ್ನು ದಾರಿಯಲ್ಲಿ ಕಂಡರೆ ಕೈಯೆತ್ತಿ, ಎಲ್ಲ ಚೆನ್ನಾಗಿದೆಯಾ ಎಂಬಂತೆ "ಗ್ರ್ಯಾಂಡ್?" ಅನ್ನುವಳು. ನೀಲಮ್ಮನೂ "ಗ್ರ್ಯಾಂಡ್" ಅಂದು ತಲೆ ತಗ್ಗಿಸಿ ಹೋಗುವಳು. ಇಷ್ಟು ಒಳ್ಳೆಯ ಹೆಂಗಸು ಅಷ್ಟು ಕೆಟ್ಟ ಕೆಲಸ ಹೇಗೆ ಮಾಡುತ್ತಾಳೆ ಎಂಬುದು ಅವಳಿಗೆ ಬಗೆಹರಿಯಲೇ ಇಲ್ಲ.

ಫೆಬ್ರುವರಿ ಬಂತು. ಹಸುಗಳು ಈಯುವ ಕಾಲ. ಕೊಟ್ಟಿಗೆಯ ಬಾಗಿಲ ಮೇಲೆ ಡೀಲಿಯಾ ಜೊಂಡುಹುಲ್ಲಿನಲ್ಲಿ ಹೆಣೆದ ಒಂದು ಶಿಲುಬೆ ಸಿಕ್ಕಿಸಿದಳು. ಅದು ದನ ಕಾಯುವ ಬ್ರಿಜಿಡ್ ಎಂಬ ದೇವತೆಯಂಥವಳ ಗುರುತು ಎಂದು ಸಿಂಧು ಹೇಳಿದಳು. ಕಡಿಯಲು ಮಾರುವವರಿಗೆ ದನ ಕಾಯುವ ದೇವರು ಬೇರೆ ಎಂದು ನೀಲಮ್ಮ ಗೊಣಗಿದಳು.

ಆ ಗುರುವಾರ ಬೆಳಗ್ಗೆ ಸಿಂಧು ಕೆಲಸಕ್ಕೆ ಹೋದ ಮೇಲೆ ಕೊಟ್ಟಿಗೆಯಿಂದ ಒಂದು ಹಸು ಕೂಗಿತು. ನೀಲಮ್ಮನಿಗೆ ಆ ಕೂಗಿನ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರು ಸಿಕ್ಕಿಕೊಂಡು ಹೊರಬಾರದ ಕೂಗು ಅದು. ಪಾತ್ರೆ ತೊಳೆಯುತ್ತಿದ್ದವಳ ಕೈ ತಾನಾಗಿ ಪರದೆ ಸರಿಸಿತು. ಅಳಿಯನ ಜಾಕೆಟ್ಟು, ಮಗಳ ಗಂಬೂಟು ಸಿಕ್ಕಿಸಿಕೊಂಡು, ಸೀರೆ ಎತ್ತಿ ಕಟ್ಟಿ, ಕೆಸರು ದಾಟಿ ಓಡಿದಳು.

ಈಯುತ್ತಿದ್ದದ್ದು ಬಿಳಿಮೋರೆ. ಮೈಯೆಲ್ಲ ಕಪ್ಪು, ಮುಖ ಮಾತ್ರ ಸುಣ್ಣ ಬಳಿದ ಹಾಗೆ. ಎಳೆಗರುವಾಗಿದ್ದಾಗ ಹಾಲಿನ ದನ ಸಾಕುವ ಪಕ್ಕದೂರಿನವರಿಂದ ತಂದು, ಡೀಲಿಯಾ ಬಕೆಟ್ಟಿನಲ್ಲಿ ಹಾಲು ಕುಡಿಸಿ ಸಾಕಿದ್ದರಿಂದ ಅದು ಬೇರೆಯವುಗಳ ಹಾಗೆ ಹಾಯುತ್ತಿರಲಿಲ್ಲ. ಕರುವಿನ ಮುಂಗಾಲೆರಡು, ಊದಿದ ನಾಲಿಗೆ ಹೊರಗೆ ಬಂದಿದ್ದವು. ಡೀಲಿಯಾ ಕಾಲುಗಳಿಗೆ ಹಗ್ಗ ಹಾಕಿ, ಹಗ್ಗವನ್ನು ಉದ್ದನೆಯ ಒಂದು ಕಬ್ಬಿಣದ ಕೋಲಿಗೆ ಸೇರಿಸಿದ್ದಳು. ಕೋಲಿನ ಕವೆ ಹಸುವಿನ ಹಿಂಭಾಗಕ್ಕೆ ಆನಿಸಿತ್ತು, ಹಿಡಿ ಒತ್ತಿದರೆ ಕಟಕ್ ಕಟಕ್ ಎಂದು ಹಗ್ಗ ಎಳೆದುಕೊಳ್ಳುತ್ತಿತ್ತು. ಲಾರಿ ಎತ್ತುವ ಜಾಕಿನ ಹಾಗೆ. ಬಾವಿಯಿಂದ ಕೊಡ ಸೇದಿದ ಹಾಗೆ ಕರು ಸೇದುತ್ತಾರೆಯೇ?

ಡೀಲಿಯಾ ಒಂದೇ ಕೈಯಲ್ಲಿ ಹಿಡಿಯನ್ನೂ ಒತ್ತಿ ಕರುವಿನ ತಲೆಯನ್ನೂ ಬಿಡಿಸಲಾರದೆ ಒದ್ದಾಡುತ್ತಿದ್ದಳು. ನೀಲಮ್ಮನನ್ನು ಕಂಡು ಹಿಡಿಯನ್ನು ಅವಳ ಕೈಗೆ ಕೊಟ್ಟಳು. ಹಸು ಮುಕ್ಕಿದಾಗ ಒತ್ತು, ಬಿಟ್ಟಾಗ ಬಿಡು ಎಂದು ಕಣ್ಣಲ್ಲೇ ತೋರಿಸಿದಳು. ತಲೆ ಬಂತು, ಭುಜ ಬಂತು, ಆಮೇಲೆ ಇಡೀ ಕರು ಜರ್ರನೆ ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿಲ್ಲ. ಮೂಗಿಗೆ ಹಾಕಲು ನೀಲಮ್ಮ ಒಂದು ಒಣಕಡ್ಡಿ ಎತ್ತಿಕೊಂಡಳು. ನೋಡಿದರೆ ಡೀಲಿಯಾಳ ಕೈಯಲ್ಲೂ ಅಂಥದೇ ಕಡ್ಡಿ. ಒಬ್ಬೊಬ್ಬರು ಒಂದೊಂದು ಹೊಳ್ಳೆಗೆ ಹಾಕಿ ಕೆರಳಿಸಿದರು. ಕರು ಸೀನಿತು. ಎರಡು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು.

ಹೋರಿಗರು. ಬಿಳಿಮೋರೆ ನೆಕ್ಕಿ ನೆಕ್ಕಿ ಅದನ್ನು ಎಬ್ಬಿಸಿತು. ಡೀಲಿಯಾ ಕರುವಿನ ಬಾಯನ್ನು ಮೊಲೆಗೆ ಹಿಡಿದಳು. ನಾಲಿಗೆ ಊದಿದ್ದರಿಂದ ಎರಡು ಗುಟುಕು ಹೀರಿ ಬಿಟ್ಟಿತು. ಅಷ್ಟರಲ್ಲಿ ಚರ್ಚಿನ ಗಂಟೆ ಕೇಳಿಸಿತು. ಅವತ್ತು ಪಕ್ಕದೂರಿನ ಮುದುಕನ ಮಣ್ಣು, ತಪ್ಪಿಸುವ ಹಾಗಿಲ್ಲ. ಡೀಲಿಯಾ ತನ್ನ ಕಣ್ಣಿಗೆ ಬೆರಳಿಟ್ಟು, ಕರುವಿನ ಕಡೆ ತೋರಿಸಿ, ನೋಡಿಕೋ ಎಂದು ನೀಲಮ್ಮನ ಭುಜ ತಟ್ಟಿ, ಕೋಟು ಬದಲಾಯಿಸಿ ಹೊರಟಳು.

ನೀಲಮ್ಮ ನೋಡಿಕೊಂಡಳು. ಕರುವಿನ ಹಿಂದೆ ಬಿದ್ದ ಮಾಸು, ಸತ್ತೆಯನ್ನು ಹಸು ತಿನ್ನದಂತೆ ಎಳೆದು ಹಾಕಿದಳು. ಕೆಚ್ಚಲು ಕಲ್ಲಿನ ಹಾಗೆ ಬಿಗಿದು, ತೊಟ್ಟಿನಿಂದ ಹಳದಿ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಅರಿಸಿನ ಕದಡಿದಂಥ, ಎಣ್ಣೆಯಂಥ ಗಿಣ್ಣು ಹಾಲು. ಅದನ್ನು ಕಂಡು ಎಷ್ಟು ಕಾಲವಾಗಿತ್ತು. ತಿಪಟೂರಿನಲ್ಲಿ ಹಸು ಈದರೆ ಅವಳ ಅತ್ತೆ ಮೂರು ಮೊಲೆ ಹಿಂಡಿಕೊಂಡು ಒಂದನ್ನು ಕರುವಿಗೆ ಬಿಡುತ್ತಿದ್ದರು. ಗಿಣ್ಣು ಹಾಲು ಹೊಟ್ಟೆ ತುಂಬ ಕುಡಿದರೆ ಕರು ಉಚ್ಚಿಕೊಂಡು ಸಾಯುತ್ತೆ ಎಂದು ಅತ್ತೆಯೂ ಹೇಳುತ್ತಿದ್ದರು, ಅತ್ತೆಯ ಅತ್ತೆಯೂ ಹೇಳಿದ್ದರಂತೆ. ಇಲ್ಲಿ ಕರೆಯುವವರೇ ಇಲ್ಲ. ಈ ಕೆಚ್ಚಲು ಹೀಗೇ ಬಿಟ್ಟರೆ ಬಾವು ಬರುವುದು, ಕರುವೂ ಕೆಡುವುದು. ಜೊತೆಗೆ ನಾಳೆ ಶುಕ್ರವಾರ, ಅಳಿಯ ಬರುತ್ತಾನೆ. ಬೆಂಗಳೂರಿನ ಅಂಗಡಿಯ ಪುಡಿ ಗಿಣ್ಣು ತಿಂದೂ ತಿಂದೂ ನಿಜವಾದದ್ದರ ರುಚಿ ಮರೆತೇ ಹೋಯಿತು ಅತ್ತೆ ಎಂದು ಅವನು ಒಂದು ಸಲವಲ್ಲ ಹತ್ತು ಸಲ ಹೇಳಿದ್ದ.

ಬಕೆಟ್ಟು ತೊಳೆದು ತಂದು, ಹಸುವಿನ ಮಗ್ಗುಲಿಗೆ ಹಣೆ ಆನಿಸಿ ಕುಕ್ಕರಗಾಲಿನಲ್ಲಿ ಕೂತಳು. ಬಿಳಿಮೋರೆ ಒದೆಯಲಿಲ್ಲ, ಹಾಲಿಳಿಸಿತು. ಮೂರು ಮೊಲೆ ಬರಿದು ಮಾಡಿ, ಒಂದನ್ನು ಕರುವಿಗೆ ಬಿಟ್ಟು, ಹಸುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದಳು.

ಮಧ್ಯಾಹ್ನ ಡೀಲಿಯಾ ಮಣ್ಣು ಮುಗಿಸಿ ಬಂದಾಗ ನೀಲಮ್ಮ ಗೇಟಿನ ಬಳಿಯೇ ಇದ್ದಳು. ಕರು ಮಲಗಿತ್ತು. ಡೀಲಿಯಾ ಬಗ್ಗಿ ಸಡಿಲವಾದ ಕೆಚ್ಚಲು ನೋಡಿದಳು, ಮಲಗಿದ ಕರು ನೋಡಿದಳು, ಮುಖ ಅರಳಿತು. "ಗ್ರ್ಯಾಂಡ್, ನೀಲಾ. ಗ್ರ್ಯಾಂಡ್," ಅಂದಳು. ಕರು ಹೊಟ್ಟೆ ತುಂಬ ಕುಡಿದು ಮಲಗಿದೆ ಎಂದು ಅವಳು ತಿಳಿದಳು. ತಾನು ಕೆಚ್ಚಲು ಇಳಿಸಿದ್ದನ್ನು ಮೆಚ್ಚಿದಳು ಎಂದು ನೀಲಮ್ಮ ತಿಳಿದಳು. ಇಬ್ಬರೂ ಸಂತೋಷವಾಗಿ ತಂತಮ್ಮ ಮನೆಗೆ ಹೋದರು.

ಅರ್ಧ ಹಾಲನ್ನು ಪಾತ್ರೆಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು, ಶನಿವಾರ ಡ್ರೋಹೆಡಾದಿಂದ ಅಳಿಯನ ಸ್ನೇಹಿತ ಶ್ರೀಕಂಠನ ಸಂಸಾರ ಬರುವುದಿತ್ತು. ಉಳಿದರ್ಧಕ್ಕೆ ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟಳು. ಅವತ್ತು ಬೇಗ ಬಂದ ಸಿಂಧು ಬಾಗಿಲಲ್ಲೇ ಮೂಗೆತ್ತಿದಳು. ಬ್ಯಾಗು ಕೆಳಗಿಡದೆ ಒಂದು ತುಂಡು, ಬ್ಯಾಗಿಟ್ಟು ಒಂದು ತುಂಡು ತಿಂದು ಬಟ್ಟಲು ಕೆರೆದಳು.

"ಎಲ್ಲಿ ಸಿಕ್ತಮ್ಮ ಹಾಲು?"

"ಎಲ್ಲಿ ಸಿಕ್ತು ಅಂದ್ರೆ? ಮೂತಿ ಒರೆಸ್ಕೊಂಡು ನಡಿ. ಹಸಿನೋರ್ ಮನೆಗೆ ಮೊದ್ಲು ಕೊಡ್ದಲೆ ನೀನೇ ಮುಕ್ತಾ ಇದೀಯ."

ಡೀಲಿಯಾಳ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಗಿಣ್ಣಿನ ಬಟ್ಟಲನ್ನು ನೀಲಮ್ಮ ಎರಡೂ ಕೈಯಲ್ಲಿ ಕೊಟ್ಟಳು. ಡೀಲಿಯಾ ಚಮಚದಲ್ಲಿ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮುಖದ ಗೆರೆಗಳೆಲ್ಲ ಸಡಿಲವಾದವು. ಏನೇನೋ ಹೇಳತೊಡಗಿದಳು. ಸಿಂಧು ನಗುತ್ತಾ ಕನ್ನಡಕ್ಕೆ ತಿರುಗಿಸಿ ಹೇಳಿದಳು. ಇವರು ಸಣ್ಣವರಿದ್ದಾಗ ಮನೆಯಲ್ಲಿ ಒಂದು ಕರೆಯುವ ಹಸು ಇತ್ತಂತೆ, ಇವರಮ್ಮನೂ ಹೀಗೇ ಮೊದಲ ಹಾಲಿನಲ್ಲಿ ಮಾಡುತ್ತಿದ್ದರಂತೆ, ಬೆಲ್ಲದ ಬದಲು ಉಪ್ಪು. ಅಮ್ಮ ಹೋದ ಮೇಲೆ ಇದೇ ಮೊದಲಂತೆ ತಿನ್ನುತ್ತಿರುವುದು.

ಎರಡನೆಯ ಚಮಚ ಬಾಯಿಯವರೆಗೆ ಹೋಗಿ ನಿಂತಿತು. ಡೀಲಿಯಾ ಅದನ್ನು ಮೆಲ್ಲಗೆ ಬಟ್ಟಲಿಗೇ ಇಳಿಸಿದಳು. ಅವಳ ದನಿ ಸಣ್ಣದಾಯಿತು.

"ನೀಲಾ, ಇದು ಯಾವ ಹಸುವಿನದು?"

ಅಷ್ಟು ಇಂಗ್ಲಿಷು ನೀಲಮ್ಮನಿಗೆ ಬರುತ್ತಿತ್ತು. ಹೆಮ್ಮೆಯಿಂದ ಕಿಟಕಿಯಾಚೆ ಕೈ ತೋರಿಸಿದಳು. ಮುಖದ ಮೇಲೆ ಅಂಗೈ ಆಡಿಸಿ, ಬಿಳಿ ಎಂದು ಅಭಿನಯಿಸಿದಳು.

ಡೀಲಿಯಾ ಕುರ್ಚಿ ತಳ್ಳಿದ ರಭಸಕ್ಕೆ ಅದು ಹಿಂದಕ್ಕೆ ಬಿತ್ತು. ಕೋಟಿಲ್ಲದೆ, ಒಳಗೆ ಮೆಟ್ಟುವ ಚಪ್ಪಲಿಯಲ್ಲೇ ಕೆಸರಿಗೆ ಓಡಿದಳು. ಸಿಂಧುವಿನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ಯಾಕೆ? ಏನಾಯ್ತೇ?" ಎಂದು ನೀಲಮ್ಮ ಕೇಳಿದಳು.

"ಅಮ್ಮ, ಎಷ್ಟು ಕರೆದೆ?"

"ಮೂರು ಮೊಲೆ. ಒಂದ್ ಕರುಗೆ ಬಿಟ್ಟಿದೀನಿ. ಜಾಸ್ತಿ ಕುಡಿದ್ರೆ ಉಚ್ಕೊಳ್ತದೆ ಅಂತ."

"ಮನುಷ್ಯರ ಮಗೂಗೆ ಹೊಟ್ಟೇಲಿರೋವಾಗ್ಲೇ ತಾಯಿಯಿಂದ ಸ್ವಲ್ಪ ರೋಗ ತಡೆಯೋ ಶಕ್ತಿ ಬರುತ್ತೆ. ಕರುಗೆ ಏನೂ ಬರಲ್ಲಮ್ಮ. ಆ ಮೊದಲ ಹಾಲಲ್ಲೇ ಎಲ್ಲಾ. ಅದೂ ಹುಟ್ಟಿದ ದಿನಾನೇ ಕುಡೀಬೇಕು, ಆಮೇಲೆ ಕುಡಿದ್ರೂ ಮೈಗೆ ಹತ್ತಲ್ಲ." ಸಿಂಧು ಖಾಲಿ ಅಂಗೈ ನೋಡಿಕೊಂಡಳು. "ದಿನಾ ಬಾಣಂತಿಯರಿಗೆ ಮೊದಲ ಹಾಲು ಚೆಲ್ಲಬೇಡಿ ಅಂತ ಹೇಳೋಳು ನಾನು. ಬಟ್ಟಲು ಕೆರೆದು ತಿಂದೆನಲ್ಲ."

ನೀಲಮ್ಮನಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಕೊಟ್ಟಿಗೆಗೆ ಹೋಗಿ ನೋಡಿದ ಮೇಲೆ ಇಳಿಯಿತು. ಕರು ನಿದ್ದೆ ಮಾಡುತ್ತಿರಲಿಲ್ಲ. ಕತ್ತು ಚಾಚಿ ಬಿದ್ದಿತ್ತು. ಅದರ ಬಾಯೊಳಗೆ ಬೆರಳಿಟ್ಟರೆ ಬಾವಿನೀರಿಗೆ ಇಟ್ಟ ಹಾಗೆ ತಣ್ಣಗೆ. ಚೀಪಲೂ ಇಲ್ಲ. ಕರುವಿಗೆಂದು ಬಿಟ್ಟಿದ್ದ ನಾಲ್ಕನೆಯ ಮೊಲೆ ಹಾಗೇ ಬಿಗಿದು ನಿಂತಿತ್ತು. ಬೆಳಗಿನಿಂದ ಆ ಕರು ಕುಡಿದದ್ದು ಎರಡೇ ಗುಟುಕು.

ಇಂಥ ಹೊತ್ತಿಗೆಂದು ಡೀಲಿಯಾ ಪಕ್ಕದೂರಿನಿಂದ ತಂದು ಐಸಿನಲ್ಲಿಟ್ಟುಕೊಂಡಿದ್ದ ಮೊದಲ ಹಾಲು ಹೋದ ವಾರ ಅವಳಿಗರುವಿಗೆ ಮುಗಿದುಹೋಗಿತ್ತು. ಅವಳು ಆಗಲೇ ಬಿಳಿಮೋರೆಯ ಕೆಳಗೆ ಕೂತು ಆ ನಾಲ್ಕನೆಯ ಮೊಲೆ ಹಿಂಡುತ್ತಿದ್ದಳು. ಒಂದು ಚೊಂಬಿನಷ್ಟು ಬಂದೀತು. ಸಾಲದು ಎಂದು ತಲೆಯಾಡಿಸಿದಳು.

"ಫ್ರಿಜ್ಜಲ್ಲಿ," ಅಂದಳು ನೀಲಮ್ಮ. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯದು. ಓಡಿದಳು.

ಪಾತ್ರೆ ತೆಗೆದು ನೇರ ಒಲೆಯ ಮೇಲಿಟ್ಟಳು. ಸಿಂಧು ಹಿಂದೆಯೇ ಬಂದು, ಬಿಸಿನೀರಲ್ಲಿಡು, ಒಲೆ ಮೇಲೆ ಬೇಡ ಎಂದು ಕೂಗುವಷ್ಟರಲ್ಲಿ ತಳದಲ್ಲಿ ಗಡ್ಡೆ ಕಟ್ಟಿತು. ಗಿಣ್ಣು ಚೆನ್ನಾಗಿ ಗಟ್ಟಿಯಾಗಲಿ ಎಂದು ಜೀವಮಾನವೆಲ್ಲ ಹಬೆಯ ಮುಂದೆ ಕಾದವಳು, ಅವತ್ತು ಅದು ಗಟ್ಟಿಯಾದದ್ದು ಕಂಡು ಎದೆ ಬಡಿದುಕೊಂಡಳು. ಸಿಂಧು ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡು, ಮೇಲಿನ ತಿಳಿಯನ್ನು ಸೋಸಿ, ಬಿಸಿನೀರಿನ ಬೋಗುಣಿಯಲ್ಲಿಟ್ಟು ಬೆಚ್ಚಗೆ ಮಾಡಿದಳು. ಉಳಿದದ್ದು ಮುಕ್ಕಾಲು ಪಾಲು.

ಕೊಟ್ಟಿಗೆಯಲ್ಲಿ ಡೀಲಿಯಾ ಒಂದು ಚೀಲಕ್ಕೆ ಉದ್ದ ಕೊಳವೆ ಸಿಕ್ಕಿಸಿಕೊಂಡು ಕಾದಿದ್ದಳು. ಆ ಕೊಳವೆಯನ್ನು ಕರುವಿನ ಬಾಯಿಂದ ಗಂಟಲಿಗೆ, ಗಂಟಲಿಂದ ಕೆಳಕ್ಕೆ ಇಳಿಸುವುದನ್ನು ನೋಡಿ ನೀಲಮ್ಮ ಮುಖ ತಿರುಗಿಸಿದಳು. ಆದರೂ ಹುಲ್ಲಿನಲ್ಲಿ ಕೂತು ಕರುವಿನ ತಲೆಯನ್ನು ಮಂಡಿಗಳ ನಡುವೆ ಹಿಡಿದುಕೊಂಡಳು. ಡೀಲಿಯಾ ಏಳದ ಭುಜವನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು, ಚೀಲವನ್ನು ಮೇಲಕ್ಕೆ ಮಾಡಿ ನಿಂತಳು. ಹಳದಿ ಹಾಲು ತಡೆತಡೆದು ಇಳಿಯಿತು.

ಇಳಿದ ಮೇಲೆ ಮಾಡುವುದೇನೂ ಇರಲಿಲ್ಲ. ಡೀಲಿಯಾ ತನ್ನ ಕೋಟು ತಂದು ಕರುವಿಗೆ ಹೊದಿಸಿ, ಅದರ ಪಕ್ಕದಲ್ಲೇ ಕೂತು ಒಣಹುಲ್ಲಿನಿಂದ ಮೈ ಉಜ್ಜತೊಡಗಿದಳು. ಅವಳ ಚಪ್ಪಲಿ ಒಂದು ಕೆಸರಿನಲ್ಲೇ ಉಳಿದುಹೋಗಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ನೀಲಮ್ಮನಿಗೆ. ನಮ್ಮ ಕಡೆ ಹೀಗೆ, ಕರುವಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು ಅಂತ ಹೇಳೇ ಎಂದು ಮಗಳ ಕೈ ಹಿಡಿದುಕೊಂಡಳು. ಸಿಂಧು ಹೇಳಿದಳು. ಡೀಲಿಯಾ ಕರುವಿನ ಮೈ ಉಜ್ಜುತ್ತಲೇ ಕೇಳಿದಳು, ಆಮೇಲೆ ತಲೆ ಎತ್ತದೆ ನಿಧಾನವಾಗಿ ಏನೋ ಅಂದಳು. ಸಿಂಧು ತಿರುಗಿಸಿ ಹೇಳಲು ತಡಮಾಡಿದಳು.

"ಏನಂತೆ?"

"ನಿನ್ನ ಅಡುಗೆಮನೆ ಪರದೆ ನೋಡಿದಾರಂತೆ. ಯಾಕೆ ಮುಚ್ಚಿದೀಯ ಅಂತಾನೂ ಗೊತ್ತಂತೆ. ಇಷ್ಟು ದಿನ ಅದನ್ನ ನೋಡಿ ನೋಡಿ, ನಾನು ಕೆಟ್ಟವಳೇ ಇರಬೇಕು ಅಂತ ಅನ್ಕೊಳ್ತಿದ್ರಂತೆ."

ಕೊಟ್ಟಿಗೆಯಲ್ಲಿ ರೇಡಿಯೋ ಯಾವುದೋ ಮಳೆಯ ವರದಿ ಓದುತ್ತಿತ್ತು. ಡೀಲಿಯಾ ಮತ್ತೊಂದು ಮಾತು ಹೇಳಿದಳು. ಈ ಸಲ ಸಿಂಧು ತಡಮಾಡಲಿಲ್ಲ.

"ಶರತ್ಕಾಲಕ್ಕೆ ಇದನ್ನ ಮಾರ್ತೀನಿ, ನಿನ್ನ ಹತ್ರ ಸುಳ್ಳು ಹೇಳಲ್ಲ ಅಂತಾರೆ. ಆದ್ರೆ ಇವತ್ತು ಇದು ಸಾಯಬಾರದು ಅಂತಾರೆ."

ನೀಲಮ್ಮ ಬಿಳಿಮೋರೆಯ ಕಡೆ ನೋಡಿದಳು. ಹಸು ಎಂದರೆ ಕೈ ಮುಗಿಯುವವಳು ತಾನು. ಹಸುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಕರುವಿನ ಬಾಯಿಂದ ಹಾಲು ಕಿತ್ತವಳೂ ತಾನು. ಮಾರುವವಳು ಒಂದು ಬರಿಗಾಲಲ್ಲಿ ಹುಲ್ಲಿನಲ್ಲಿ ಕೂತಿದ್ದಾಳೆ. ಇದನ್ನು ಯಾವ ಕಡೆಯಿಂದ ಹಿಡಿಯಬೇಕೆಂದೇ ಅವಳಿಗೆ ತೋಚಲಿಲ್ಲ. ಜಾಕೆಟ್ಟು ಬಿಚ್ಚಿ ಡೀಲಿಯಾಳ ಕಾಲಿನ ಮೇಲೆ ಹಾಕಿದಳು. ತಾನೂ ಒಂದು ಹಿಡಿ ಒಣಹುಲ್ಲು ತೆಗೆದುಕೊಂಡು ಇನ್ನೊಂದು ಮಗ್ಗುಲು ಉಜ್ಜಲು ಕೂತಳು. ಕತ್ತಲಾದ ಮೇಲೆ ಸಿಂಧು ಇಬ್ಬರನ್ನೂ ಗದರಿಸಿ ಒಳಗೆ ಕಳಿಸಬೇಕಾಯಿತು.

ಬೆಳಗಾಗುತ್ತಲೇ ನೀಲಮ್ಮ ಅಡುಗೆಮನೆಗೆ ಹೋಗಿ, ರಾತ್ರಿ ಮತ್ತೆ ಎಳೆದಿದ್ದ ಪರದೆಯ ಮುಂದೆ ನಿಂತಳು. ತೆರೆಯಲು ಕೈ ಬರಲಿಲ್ಲ. ಆಚೆ ರೇಡಿಯೋ ಹಾಡುತ್ತಿತ್ತು, ಆದರೆ ಡೀಲಿಯಾ ಯಾವ ಹಸುವನ್ನೂ ಬೈಯುತ್ತಿರಲಿಲ್ಲ. ಅದೇ ಭಯ ಹುಟ್ಟಿಸಿತು. ಕೊನೆಗೆ ಕಣ್ಣು ಮುಚ್ಚಿ ಎಳೆದಳು.

ಕೊಟ್ಟಿಗೆಯ ಗೇಟಿನ ಹಿಂದೆ ಬಿಳಿಮೋರೆ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ನಾಲ್ಕು ತೆಳ್ಳನೆಯ ಕಾಲು, ಅಲ್ಲಾಡುವ ಒಂದು ಬಾಲ. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ನೀಲಮ್ಮ ಅಲ್ಲೇ ಸಿಂಕಿಗೆ ಒರಗಿ ಕೂತುಬಿಟ್ಟಳು.

ಗೇಟಿನ ಬಳಿ ಹೋದಾಗ ಡೀಲಿಯಾ ಬೈಯದೆ ಇದ್ದದ್ದಕ್ಕೆ ಕಾರಣ ಕಂಡಿತು. ಅವಳ ಬಾಯಿ ತುಂಬಿತ್ತು. ನಿನ್ನೆಯ ಬಟ್ಟಲು ಗೇಟಿನ ಮೇಲಿಟ್ಟುಕೊಂಡು, ಗಿಣ್ಣು ತಿನ್ನುತ್ತಾ ಕರು ನೋಡುತ್ತಿದ್ದಳು. ನೀಲಮ್ಮ ಹೌಹಾರಿ ನಿಂತಳು. ರಾತ್ರಿ ತನ್ನ ಮನೆಯ ಪಾಲನ್ನು ಮುಟ್ಟಲೂ ಆಗದೆ ಅವಳು ಹಿತ್ತಿಲ ಗಿಡದ ಬುಡಕ್ಕೆ ಹಾಕಿ ಮಣ್ಣೆಳೆದಿದ್ದಳು. ಡೀಲಿಯಾ ಭುಜ ಕುಣಿಸಿದಳು. ಬಟ್ಟಲು ತೋರಿಸಿ, ಕರುವಿನ ಹೊಟ್ಟೆ ತೋರಿಸಿ, ಇದನ್ನು ಅದರೊಳಗೆ ವಾಪಸ್ಸು ಹಾಕಲಾಗುವುದಿಲ್ಲವಲ್ಲ ಎಂಬಂತೆ ಕೈ ತಿರುವಿದಳು. ಚಮಚವನ್ನು ಕೋಟಿಗೆ ಒರೆಸಿ, ಉಳಿದಿದ್ದ ಕೊನೆಯ ತುಂಡಿನೊಂದಿಗೆ ಬಟ್ಟಲನ್ನು ನೀಲಮ್ಮನ ಮುಂದೆ ಹಿಡಿದಳು.

ನೀಲಮ್ಮ ಬಟ್ಟಲು ನೋಡಿದಳು, ಕರು ನೋಡಿದಳು. ಕರು ಗುದ್ದುತ್ತಲೇ ಇತ್ತು. ಆಮೇಲೆ ಚಮಚ ತೆಗೆದುಕೊಂಡು ಬಾಯಿಗಿಟ್ಟಳು.

ಏಲಕ್ಕಿ ಸ್ವಲ್ಪ ಜಾಸ್ತಿಯಾಗಿತ್ತು.